ರಿಪೋರ್ಟ್ ಎಲ್ಲ ನಾರ್ಮಲ್, ನೋವು ಮಾತ್ರ ಬಿಡುತ್ತಿಲ್ಲ: ಫೈಬ್ರೊಮಯಾಲ್ಜಿಯಾ ಇರುವವರು ದಯವಿಟ್ಟು ಹೇಳಿ

ಪ್ರಶ್ನೆ (ಹೊಲಿಗೆ ಕೆಲಸ, ತಿಪಟೂರು)

ದೀಪಾವಳಿಯಿಂದಲೂ ಕುತ್ತಿಗೆ, ಭುಜ, ಸೊಂಟ, ತೊಡೆ ಎಲ್ಲ ನೋವು. ಒಂದು ರವಿಕೆಗೆ ಹುಕ್ಕು ಹಾಕಿ ಮುಗಿಸುವಷ್ಟರಲ್ಲಿ ಕೈ ಸೋತುಹೋಗುತ್ತದೆ. ರಾತ್ರಿಯಿಡೀ ಮಲಗಿದರೂ ಬೆಳಿಗ್ಗೆ ಕಣ್ಣು ಮುಚ್ಚಿಯೇ ಇಲ್ಲವೇನೋ ಅನ್ನಿಸುವಷ್ಟು ಸುಸ್ತು. ಈಗಷ್ಟೇ ತೆಗೆದ ಅಳತೆ ಪುಸ್ತಕಕ್ಕೆ ಬರೆಯುವಷ್ಟರಲ್ಲಿ ಮರೆತಿರುತ್ತದೆ. ರಕ್ತ ಪರೀಕ್ಷೆ, ಥೈರಾಯ್ಡ್, ಎಕ್ಸ್‌ರೇ ಎಲ್ಲ ಸರಿಯಿವೆ. ಸಂಧಿವಾತ ತಜ್ಞರು ಫೈಬ್ರೊಮಯಾಲ್ಜಿಯಾ ಎಂದು ಹೇಳಿ, ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ ಬರೆದುಕೊಟ್ಟಿದ್ದಾರೆ. ಅದು ಖಿನ್ನತೆಯ ಮಾತ್ರೆ ಎಂದು ಗೊತ್ತಾದ ಮೇಲೆ ಮನೆಯಲ್ಲಿ "ಎಲ್ಲ ನಿನ್ನ ಮನಸ್ಸಿನದೇ" ಎನ್ನುತ್ತಾರೆ. ಮಾತ್ರೆ ಶುರು ಮಾಡಲೇ? ದಿನಾ ನಡೆಯಬೇಕಂತೆ. ಇಷ್ಟು ನೋವಿಟ್ಟುಕೊಂಡು ಹೇಗೆ ನಡೆಯಲಿ?

ಉತ್ತರ (ನಿವೃತ್ತ ಶಿಕ್ಷಕಿ, ಧಾರವಾಡ)

ತಂಗಿ, ನಿಮ್ಮ ನೋವು ನಿಜ. ನನಗೂ ಇದೇ ಕಾಯಿಲೆ. ಇಲ್ಲಿ ಸ್ನಾಯುವಿಗಾಗಲಿ ಕೀಲಿಗಾಗಲಿ ಪೆಟ್ಟಾಗಿರುವುದಿಲ್ಲ; ಬೆನ್ನುಹುರಿ, ಮಿದುಳುಗಳು ಸಣ್ಣ ಒತ್ತಡವನ್ನೂ ದೊಡ್ಡ ನೋವಾಗಿ ಗ್ರಹಿಸುತ್ತವೆ. ಎಕ್ಸ್‌ರೇಯಲ್ಲಿ ಅದು ಕಾಣುವುದಾದರೂ ಹೇಗೆ? ಪರೀಕ್ಷೆ ಮಾಡಿಸುವುದು ಬೇರೆ ಕಾಯಿಲೆ ಇಲ್ಲವೆಂದು ತಿಳಿಯಲಿಕ್ಕೆ. ಹಿಂದೆ, 1990ರ ಮಾನದಂಡದಂತೆ, ಮೈಮೇಲಿನ 18 ಜಾಗಗಳನ್ನು ಒತ್ತಿ ಕನಿಷ್ಠ 11ರಲ್ಲಿ ನೋವಿದೆಯೇ ಎಂದು ನೋಡುತ್ತಿದ್ದರು. 2010ರಲ್ಲಿ ಬಂದ ಮಾನದಂಡ ನಿದ್ದೆ, ಸುಸ್ತು, ಮರೆವುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ನಿಮಗೆ ಅಳತೆ ಮರೆಯುವುದೂ ಈ ಕಾಯಿಲೆಯ ಭಾಗವೇ ಇರಬಹುದು.

ಆ ಮಾತ್ರೆಯನ್ನು ಖಿನ್ನತೆಗೆ ಕೊಡುವಾಗ ಪ್ರಮಾಣ ಇದರ ಎಷ್ಟೋ ಪಟ್ಟು ಹೆಚ್ಚು. ಇಷ್ಟು ಕಡಿಮೆ ಕೊಡುವುದು ನೋವಿಗೆ, ನಿದ್ದೆಗೆ. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರಿರುತ್ತದೆ. ನಾನು ಮಲಗುವುದಕ್ಕೆ ಸಾಕಷ್ಟು ಮೊದಲೇ ನುಂಗುತ್ತೇನೆ. ಹೃದಯದ ತೊಂದರೆ ಅಥವಾ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇದ್ದರೆ ಮೊದಲು ವೈದ್ಯರಿಗೆ ತಿಳಿಸಿ. ಮನೆಯವರನ್ನು ಮುಂದಿನ ಸಲ ಜೊತೆಗೇ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಕೇಳಲಿ.

ಉತ್ತರ (ಹೆಸರು ಬೇಡ)

ನಮ್ಮ ಊರಿನಲ್ಲಿ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಒಂದೇ ದಿನಕ್ಕೆ ಹಗುರಾಗುತ್ತದೆ.

ಉತ್ತರ (ಫಿಸಿಯೋಥೆರಪಿಸ್ಟ್, ಮೈಸೂರು)

ದಯವಿಟ್ಟು ಅದು ಬೇಡ. ಫೈಬ್ರೊಮಯಾಲ್ಜಿಯಾಕ್ಕೆ ಸ್ಟೆರಾಯ್ಡ್ ಚಿಕಿತ್ಸೆಯೇ ಅಲ್ಲ. ಸಕ್ಕರೆ ಕಾಯಿಲೆ, ಮೂಳೆ ಸವೆತ ಹೊಸದಾಗಿ ಗಂಟುಬೀಳಬಹುದು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟದ 2016ರ ಶಿಫಾರಸುಗಳಲ್ಲಿ ಬಲವಾದ ಬೆಂಬಲ ಸಿಕ್ಕಿದ್ದು ವ್ಯಾಯಾಮವೊಂದಕ್ಕೆ.

ಅಕ್ಕ, ಸಮತಟ್ಟಾದ ರಸ್ತೆಯಲ್ಲಿ ಐದು ನಿಮಿಷ ನಡೆದರೆ ಸಾಕು. ಮೊದಮೊದಲು ನೋವು ಸ್ವಲ್ಪ ಏರಬಹುದು, ಹೆದರಬೇಡಿ. ವಾರ ಕಳೆದ ಮೇಲೆ ಒಂದೆರಡು ನಿಮಿಷ ಸೇರಿಸಿ. ಮೈ ಹಗುರವಾಗಿದೆ ಎಂದು ಒಂದೇ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಲು ಹೋಗಬೇಡಿ, ಮರುದಿನ ಹಾಸಿಗೆ ಹಿಡಿಸುವುದು ಅದೇ. ಮಷೀನಿನ ಮುಂದೆ ಇಪ್ಪತ್ತು ನಿಮಿಷ ಕುಳಿತಿರೋ, ಎದ್ದು ನಿಂತು ಕಟಿಂಗ್ ಮಾಡಿ. ಹುಕ್ಕಿನ ಕೆಲಸವನ್ನು ಒಟ್ಟಿಗೆ ಕೂಡಿಡಬೇಡಿ.

ಪ್ರಶ್ನೆ ಕೇಳಿದವರು

ಇವತ್ತು ರಾತ್ರಿಯಿಂದಲೇ ಮಾತ್ರೆ ಶುರು ಮಾಡುತ್ತೇನೆ. ಮದುವೆ ಸೀಸನ್ನಿನ ಆರ್ಡರ್ ಒಪ್ಪಿಕೊಂಡುಬಿಟ್ಟಿದ್ದೇನೆ, ರಾತ್ರಿ ಕೂತು ಹೊಲಿಯಬಹುದೇ?

ಉತ್ತರ (ನಿವೃತ್ತ ಶಿಕ್ಷಕಿ, ಧಾರವಾಡ)

ರಾತ್ರಿ ಬೇಡ ತಂಗಿ. ನಿದ್ದೆ ಕೆಟ್ಟರೆ ನೋವು ಹೆಚ್ಚುತ್ತದೆ. ಹುಕ್ಕು, ಫಾಲ್ಸ್ ಕೆಲಸವನ್ನು ಅಕ್ಕಪಕ್ಕದ ಯಾರಿಗಾದರೂ ಕೂಲಿಗೆ ಕೊಡಿ. ತಡವಾಗುವ ಆರ್ಡರ್‌ಗಳಿದ್ದರೆ ಗಿರಾಕಿಗಳಿಗೆ ಈಗಲೇ ಹೇಳಿಬಿಡಿ.