ಅಪ್‌ಡೇಟ್: ಕಾರ್ಡಿನ ಸದ್ದು ಇಳಿಯಿತು, ಬಿಸಿಯೂ

ಗೇಮ್ ಹಾಕಿದರೆ ಗ್ರಾಫಿಕ್ಸ್ ಕಾರ್ಡ್ 84 ಡಿಗ್ರಿಗೆ ಏರಿ ಫ್ಯಾನ್ ಕಿರುಚುತ್ತದೆ, ಸದ್ದಿಲ್ಲದ ಕೂಲರ್ ಯಾವುದು ಕೊಳ್ಳಲಿ ಎಂದು ಕೇಳಿದ್ದೆ. ಪೂರ್ತಿ ಕೂಲರ್ ಬೇಕಾಗಲೇ ಇಲ್ಲ. ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಹಾಗೇ ಬಿಟ್ಟು, ಪ್ಲಾಸ್ಟಿಕ್ ಕವಚ, ಸಣ್ಣ ಫ್ಯಾನ್‌ಗಳನ್ನು ತೆಗೆದು, 120 ಮಿ.ಮೀ.ನ ಎರಡು ಆರ್ಕ್ಟಿಕ್ ಪಿ12 ಫ್ಯಾನ್‌ಗಳನ್ನು ಗಾಳಿ ಹೀಟ್‌ಸಿಂಕಿನ ಒಳಕ್ಕೆ ಊದುವಂತೆ ಜಿಪ್ ಟೈನಲ್ಲಿ ಕಟ್ಟಿದ್ದೇನೆ. ಈಗ ಅದೇ ಗೇಮಿನಲ್ಲಿ 71 ಡಿಗ್ರಿ, ನಿಮಿಷಕ್ಕೆ 1100 ಸುತ್ತು.

ಈ ಫ್ಯಾನ್ 25 ಮಿ.ಮೀ. ದಪ್ಪ, ಕಾರ್ಡಿನ ಕೆಳಗಿನ ಸ್ಲಾಟ್‌ಗಳು ಖಾಲಿ ಇರಲೇಬೇಕು. ಫ್ಯಾನಿನ ವೈರನ್ನು ಮದರ್‌ಬೋರ್ಡಿಗೆ ಚುಚ್ಚಬೇಡಿ. ಅದು ಸಾಮಾನ್ಯವಾಗಿ ಸಿಪಿಯು ಬಿಸಿ ನೋಡಿ ತಿರುಗಿಸುತ್ತದೆ, ಕಾರ್ಡ್ ಕುದಿಯುತ್ತಿದ್ದರೂ ಫ್ಯಾನ್ ನಿಧಾನವೇ. ಕಾರ್ಡಿನ ಚಿಕ್ಕ 4 ಪಿನ್ ಕನೆಕ್ಟರಿನಿಂದ ಮಾಮೂಲಿ ಫ್ಯಾನ್ ಪಿನ್ನಿಗೆ ಅಡಾಪ್ಟರ್ ಸಿಗುತ್ತದೆ, ಅದನ್ನೇ ಹಾಕಿ. ಲೇಬಲ್ಲಿನ ಆಂಪಿಯರ್ ಕೂಡಿಸಿ, ಹಳೇ ಫ್ಯಾನ್‌ಗಳ ಮೊತ್ತ ಮೀರದಂತೆ ನೋಡಿಕೊಳ್ಳಿ.

ಹೀಟ್‌ಸಿಂಕ್ ಬಿಚ್ಚಿದರೆ ಚಿಪ್ ಮೇಲೆ ಸವರುವ ಥರ್ಮಲ್ ಪೇಸ್ಟ್ ಹೊಸದು ಬೇಕು. ಮೆಮೊರಿ ಚಿಪ್‌ಗಳ ಮೇಲಿನ ಮೆತ್ತನೆ ಪಟ್ಟಿ, ಅಂದರೆ ಥರ್ಮಲ್ ಪ್ಯಾಡ್, ಹಳೆಯದರಷ್ಟೇ ದಪ್ಪ ಇರಲಿ. 1 ಮಿ.ಮೀ. ಇದ್ದಲ್ಲಿ ಗಟ್ಟಿಯಾದ 1.5 ಹಾಕಿದರೆ ಕಾರ್ಡಿನ ಮುಖ್ಯ ಚಿಪ್‌ಗೂ ಹೀಟ್‌ಸಿಂಕಿಗೂ ನಡುವೆ ಸಂದು ಉಳಿದು ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗದ ಡಿಗ್ರಿ) ಏರುತ್ತದೆ.

ತೀರ್ಥಹಳ್ಳಿ, ಸಾಗರದ ಕಡೆಯವರು ಇದೊಂದು ಗಮನಿಸಿ: ಮಳೆಗಾಲದ ಥಂಡಿಗೆ ಧೂಳು ಉದುರುವುದಿಲ್ಲ, ಹೀಟ್‌ಸಿಂಕಿನ ತಗಡುಗಳ ನಡುವೆ ಕಲಸಿದ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಕವಚ ತೆಗೆದಾಗ ಕಂಡದ್ದು ಅದೇ ಬೂದು ಪದರ. ಹೊಸ ಫ್ಯಾನ್ ಕಟ್ಟುವ ಮೊದಲೇ ಒಣ ಬ್ರಷ್ಷಿನಲ್ಲಿ ಬಿಡಿಸಿ.