600 ಮೀಟರಿನಲ್ಲಿ ಗುಂಡಿನ ತೂತು ಕಾಣುತ್ತಿಲ್ಲ: 85 ಮಿ.ಮೀ. ಸ್ಪಾಟಿಂಗ್ ಸ್ಕೋಪ್ ತಗೊಳ್ಳಲೋ, ಟಾರ್ಗೆಟ್ ಕ್ಯಾಮೆರಾ ಹಾಕಲೋ?

ಹತ್ತನೇ_ವರ್ತುಲ

.308 ರೈಫಲ್, 300 ಮತ್ತು 600 ಮೀಟರ್, ಮಲಗಿ ಹೊಡೆಯುವುದು. ಈಗಿರುವುದು 20–60×65 ಸ್ಪಾಟಿಂಗ್ ಸ್ಕೋಪ್ (ಟಾರ್ಗೆಟ್ ನೋಡುವ ಸಣ್ಣ ದೂರದರ್ಶಕ; 20ರಿಂದ 60 ಪಟ್ಟು ವರ್ಧನೆ, ಮುಂದಿನ ಲೆನ್ಸ್ 65 ಮಿ.ಮೀ.), ಐಪೀಸ್ ಅಂದರೆ ಕಣ್ಣಿಡುವ ಭಾಗ ನೇರದ್ದು. 300ರಲ್ಲಿ ಬಿಳಿ ಜಾಗಕ್ಕೆ ಬಿದ್ದ ತೂತು ಕಾಣುತ್ತದೆ, ಕಪ್ಪು ವೃತ್ತದೊಳಗೆ ಬಿದ್ದದ್ದು ಅರ್ಧಂಬರ್ಧ. 600ರಲ್ಲಿ 60 ಪಟ್ಟಿಗೆ ತಿರುಗಿಸಿದರೂ ಏನೂ ಇಲ್ಲ, ಟಾರ್ಗೆಟ್ಟೇ ನೀರಿನಡಿ ಇಟ್ಟ ಹಾಗೆ ಕುಲುಕುತ್ತದೆ. ಟಾರ್ಗೆಟ್ ಸಾಮಾನ್ಯ ಕಾಗದ, ಹಿಂದೆ ತಿಳಿ ಬಣ್ಣದ ರಟ್ಟು. ಟ್ರೈಪಾಡ್ ಹಗುರದ್ದು. ಟಾರ್ಗೆಟ್ ಕೆಳಗಿಳಿಸಿ ಗುರುತು ಹಾಕುವ ಮಾರ್ಕರ್‌ಗಳು ನಮ್ಮ ರೇಂಜಿನಲ್ಲಿಲ್ಲ. 85 ಮಿ.ಮೀ. ಸ್ಕೋಪ್ ತಗೊಂಡರೆ ತೂತು ಕಾಣುತ್ತದಾ, ಅಥವಾ ಆ ದುಡ್ಡು ಟಾರ್ಗೆಟ್ ಕ್ಯಾಮೆರಾಗೆ ಹಾಕುವುದು ಮೇಲಾ?

ಮಸೂರ

ಕೊಳ್ಳುವ ಮೊದಲು ಲೆಕ್ಕ ಹಾಕಿ ನೋಡೋಣ. ನಿಮ್ಮ ಗುಂಡಿನ ವ್ಯಾಸ 7.8 ಮಿ.ಮೀ. ಅದು 300 ಮೀಟರಿನಿಂದ ಸುಮಾರು 5.4 ಆರ್ಕ್ ಸೆಕೆಂಡಿನಷ್ಟು (ಒಂದು ಆರ್ಕ್ ಸೆಕೆಂಡು ಅಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗದ ಕೋನ) ಕಾಣುತ್ತದೆ, 600ರಿಂದ 2.7. ದೂರದರ್ಶಕದ ವಿಂಗಡಣಾ ಶಕ್ತಿಗೆ ಒಂದು ಸರಳ ಸೂತ್ರವಿದೆ: 116ನ್ನು ಮುಂದಿನ ಲೆನ್ಸಿನ ವ್ಯಾಸದಿಂದ ಭಾಗಿಸಿ. 65 ಮಿ.ಮೀ.ಗೆ 1.8 ಆರ್ಕ್ ಸೆಕೆಂಡು ಬರುತ್ತದೆ, 85ಕ್ಕೆ 1.4. ಅಂದರೆ ಲೆಕ್ಕದ ಪ್ರಕಾರ ನಿಮ್ಮ ಈಗಿನ ಸ್ಕೋಪೇ 600ರಲ್ಲಿ ಆ ತೂತನ್ನು ತೋರಿಸಬೇಕಿತ್ತು. ತೋರಿಸುತ್ತಿಲ್ಲ ಎಂದರೆ ಅಡ್ಡಿ ಬೇರೆ ಎಲ್ಲೋ ಇದೆ. ಅದು ಗಾಳಿ, ಬಣ್ಣದ ವ್ಯತ್ಯಾಸ, ಸ್ಟ್ಯಾಂಡಿನ ಅಲುಗಾಟ, ಈ ಮೂರರಲ್ಲಿ ಒಂದು. ಯಾವುದು ಅಂತ ಗೊತ್ತಾಗದೆ ಗಾಜು ಬದಲಾಯಿಸಬೇಡಿ.

ಹೀಗೆ ಪರೀಕ್ಷೆ ಮಾಡಿ. ಒಂದು ಬಿಳಿ ಹಾಳೆಗೆ 8, 16, 24 ಮಿ.ಮೀ. ವ್ಯಾಸದ ಕಪ್ಪು ದುಂಡು ಸ್ಟಿಕ್ಕರುಗಳನ್ನು ದೂರ ದೂರ ಅಂಟಿಸಿ. ಪಕ್ಕದಲ್ಲೇ, ಗುಂಡು ಹೊಡೆದು ತೂತಾದ ಹಳೆಯ ಟಾರ್ಗೆಟ್ ಒಂದನ್ನು ಅರ್ಧಕ್ಕೆ ಕಪ್ಪು ಹಿನ್ನೆಲೆ, ಅರ್ಧಕ್ಕೆ ತಿಳಿ ರಟ್ಟು ಕೊಟ್ಟು ನಿಲ್ಲಿಸಿ. ರೇಂಜ್ ಪೂರ್ತಿ ನಿಂತಿರುವಾಗ ಮಾತ್ರ 600ರ ಗೆರೆಗೆ ಹೋಗಿ ಇಟ್ಟು ಬನ್ನಿ. ಬೆಳಿಗ್ಗೆ ಬಿಸಿಲು ಏರುವ ಮೊದಲು ಒಮ್ಮೆ, ನೆತ್ತಿ ಬಿಸಿಲಲ್ಲಿ ಒಮ್ಮೆ, 25, 40, 60 ಪಟ್ಟಿನಲ್ಲಿ ನೋಡಿ.

ಬೆಳಿಗ್ಗೆ 8ರ ಚುಕ್ಕೆ ಕಂಡು ಮಧ್ಯಾಹ್ನ ಮಾಯವಾದರೆ ಗಾಳಿಯೇ ಕಾರಣ. ಚುಕ್ಕೆ ಕಂಡು ತೂತು ಕಾಣದಿದ್ದರೆ ಬಣ್ಣದ ವ್ಯತ್ಯಾಸ ಸಾಲದು. ಬೆಳಿಗ್ಗೆಯೂ 16ರ ಚುಕ್ಕೆ ಕಾಣದಿದ್ದರೆ ಮಾತ್ರ ಸ್ಕೋಪನ್ನೋ ಟ್ರೈಪಾಡನ್ನೋ ಅನುಮಾನಿಸಿ. ಟ್ರೈಪಾಡಿಗೆ ಬೇರೆ ಪರೀಕ್ಷೆ ಇದೆ: 60 ಪಟ್ಟಿನಲ್ಲಿ ಫೋಕಸ್ ಚಕ್ರ ಮುಟ್ಟಿ ಕೈ ಬಿಡಿ. ಚಿತ್ರ ಎರಡು ಸೆಕೆಂಡಿಗಿಂತ ಹೆಚ್ಚು ನಡುಗಿದರೆ ಸ್ಟ್ಯಾಂಡ್ ಸಾಲದು ಎಂದರ್ಥ.

ಹತ್ತನೇ_ವರ್ತುಲ

ಮಾಡಿ ನೋಡಿದೆ ಸರ್. ಬೆಳಿಗ್ಗೆ ಮೋಡವಿತ್ತು, 40 ಪಟ್ಟಿನಲ್ಲಿ 8ರ ಚುಕ್ಕೆ ಸಣ್ಣದಾಗಿ ಆದರೂ ಸ್ಪಷ್ಟವಾಗಿ ಕಂಡಿತು. 60ರಲ್ಲಿ ದೊಡ್ಡದಾಯಿತು, ಆದರೆ ಮಂಕು. ಕಪ್ಪು ಹಿನ್ನೆಲೆಯಿದ್ದ ಬಿಳಿ ಭಾಗದ ತೂತುಗಳು ಕಂಡವು, ತಿಳಿ ರಟ್ಟಿನ ಕಡೆಯವು ಕಾಣಲಿಲ್ಲ. ಕಪ್ಪು ವೃತ್ತದೊಳಗಿನವು ಎರಡೂ ಕಡೆ ಇಲ್ಲ. ಮಧ್ಯಾಹ್ನ 24ರ ಚುಕ್ಕೆ ಒಂದೇ ಕಂಡದ್ದು, ಅದೂ ಬಂದು ಹೋಗಿ. ಟ್ರೈಪಾಡ್ ನಡುಗುತ್ತದೆ, ನಿಲ್ಲಲು ಮೂರು ಸೆಕೆಂಡಾದರೂ ಬೇಕು.

ಮಸೂರ

ಹಾಗಾದರೆ ಉತ್ತರ ಸಿಕ್ಕಿತು. 85 ಮಿ.ಮೀ. ತಗೊಂಡರೂ ಮಧ್ಯಾಹ್ನದ 600 ಮೀಟರ್ ಬದಲಾಗುವುದಿಲ್ಲ. ಕಾದ ನೆಲದ ಮೇಲೆ ಏಳುವ ಬಿಸಿಗಾಳಿ ಬೆಳಕನ್ನು ಹಲವು ಆರ್ಕ್ ಸೆಕೆಂಡಿನಷ್ಟು ಆಚೀಚೆ ಬಾಗಿಸುತ್ತದೆ. ನಿಮಗೆ ಬೇಕಾದ ವಿವರ ಇರುವುದು 2.7ರಲ್ಲಿ. ಲೆನ್ಸ್ ಎಷ್ಟೇ ಒಳ್ಳೆಯದಿರಲಿ, ಅದರೊಳಗೆ ಬರುವ ಬೆಳಕೇ ಕಲಸಿಹೋಗಿರುತ್ತದೆ. ವರ್ಧನೆ ಏರಿಸಿದರೆ ಆ ಕಲಸು ದೊಡ್ಡದಾಗುತ್ತದೆ, ಅಷ್ಟೇ.

60 ಪಟ್ಟಿನಲ್ಲಿ ಮಂಕಾದದ್ದಕ್ಕೂ ಕಾರಣವಿದೆ. ಲೆನ್ಸಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬಿಯ ದಪ್ಪ ಸಿಗುತ್ತದೆ. 65ನ್ನು 60ರಿಂದ ಭಾಗಿಸಿದರೆ 1.1 ಮಿ.ಮೀ. ಮಾತ್ರ, 30 ಪಟ್ಟಿನಲ್ಲಾದರೆ 2.2. ಕಣ್ಣು ಸ್ವಲ್ಪ ಸರಿದರೂ 1.1ರಲ್ಲಿ ಚಿತ್ರ ಕಪ್ಪಾಗುತ್ತದೆ. ಮಲಗಿದ ಭಂಗಿಯಲ್ಲಿ ಕುತ್ತಿಗೆ ತಿರುಚಿ ನೋಡುವವರಿಗೆ ಇದು ದೊಡ್ಡ ತೊಂದರೆ.

ಮೊದಲು ದುಡ್ಡು ಹೆಚ್ಚು ಬೇಡದ ಕೆಲಸ ಮಾಡಿ. ತಿಳಿ ರಟ್ಟು ತೆಗೆದು, ಕಾಗದದ ಹಿಂದೆ ಕಪ್ಪು ಬಣ್ಣ ಬಳಿದ ಹಲಗೆಯನ್ನು ಒಂದಿಂಚು ಬಿಟ್ಟು ನಿಲ್ಲಿಸಿ. ತೂತಿನಲ್ಲಿ ಕಾಣುವುದು ಹಿಂದಿರುವ ಬಣ್ಣವೇ ಹೊರತು ತೂತಲ್ಲ, ಆದ್ದರಿಂದ ಬಿಳಿ ಕಾಗದಕ್ಕೆ ಕಪ್ಪು ಹಿನ್ನೆಲೆಯೇ ಬೇಕು. ಕಪ್ಪು ವೃತ್ತ ದೊಡ್ಡದಿರುವ ಟಾರ್ಗೆಟ್ಟನ್ನು ಅಭ್ಯಾಸಕ್ಕೆ ಬಿಡಿ. 300 ಮೀಟರಿನ ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ಟಾರ್ಗೆಟ್ಟಿನಲ್ಲಿ ಕಪ್ಪು 600 ಮಿ.ಮೀ., ಹತ್ತರ ವರ್ತುಲ 100 ಮಿ.ಮೀ.; ಒಳ್ಳೆಯ ಗುಂಡುಗಳೆಲ್ಲ ಕಪ್ಪಿನೊಳಗೇ ಬೀಳುತ್ತವೆ. ಗ್ರೂಪ್, ಅಂದರೆ ಗುಂಡುಗಳು ಎಷ್ಟು ಒತ್ತಾಗಿ ಬಿದ್ದವು ಎಂದು ನೋಡುವುದಷ್ಟೇ ಗುರಿಯಾದರೆ ಬಿಳಿ ಹಾಳೆಯ ಮೇಲೆ ಹಿಡಿಯಲು ಬೇಕಾದಷ್ಟೇ ಸಣ್ಣ ಕಪ್ಪು ಚೌಕ ಸಾಕು. ಹೊಡೆತ ಅದರೊಳಗೆ ಬೀಳದ ಹಾಗೆ ರೈಫಲ್ ಸ್ಕೋಪಿನ ಎಲಿವೇಶನ್ (ಹೊಡೆತವನ್ನು ಮೇಲೆ ಕೆಳಗೆ ಸರಿಸುವ ಚಕ್ರ) ನಾಲ್ಕೈದು ಕ್ಲಿಕ್ ಸರಿಸಿಕೊಳ್ಳಬಹುದು.

ಗಾಳಿಲೆಕ್ಕ

ಮಸೂರ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಗುಂಡು ತಾಗಿದಲ್ಲಿ ಮೇಲ್ಪದರ ಉದುರಿ ಹೊಳೆಯುವ ಹಳದಿ ಬಳೆ ಮೂಡುವ ಸ್ಪ್ಲಾಟರ್ ಟಾರ್ಗೆಟ್ 600ರಲ್ಲಿ ಕಪ್ಪು ವೃತ್ತದ ಸಮಸ್ಯೆಯನ್ನು ಬಗೆಹರಿಸುತ್ತದೆ, ಯಾಕೆಂದರೆ ಬಳೆ ತೂತಿಗಿಂತ ಬಹಳ ಅಗಲ. ಆದರೆ ಮಧ್ಯದಲ್ಲಿ ನಾಲ್ಕೈದು ಗುಂಡು ಒತ್ತಾಗಿ ಬಿದ್ದರೆ ಪೂರ್ತಿ ಹಳದಿಯಾಗಿ, ಆರನೆಯದು ಎಲ್ಲಿ ಬಿತ್ತು ಅಂತ ತಿಳಿಯುವುದಿಲ್ಲ. ಗುಂಡು ಬಿದ್ದ ಜಾಗಕ್ಕೆ ಕಪ್ಪು ಸ್ಟಿಕ್ಕರ್ ಅಂಟಿಸಬೇಕು, ಇಲ್ಲವೇ ಒಂದೇ ಹಲಗೆಗೆ ನಾಲ್ಕು ಸಣ್ಣ ಟಾರ್ಗೆಟ್ ಹಾಕಿ ಐದೈದೇ ಹೊಡೆಯಬೇಕು.

ಸ್ಪಾಟಿಂಗ್ ಸ್ಕೋಪನ್ನು ಮಾತ್ರ ಮಾರಬೇಡಿ. 600ರಲ್ಲಿ ಅದರ ನಿಜವಾದ ಕೆಲಸ ಗಾಳಿ ಓದುವುದು. 20ರಿಂದ 30 ಪಟ್ಟಿಗೆ ಇಳಿಸಿ, ಮೊದಲು ಟಾರ್ಗೆಟ್ ಚೂಪಾಗಿ ಕಾಣುವ ಹಾಗೆ ಫೋಕಸ್ ಮಾಡಿ, ಆಮೇಲೆ ಚಕ್ರವನ್ನು ಹತ್ತಿರದ ಕಡೆಗೆ ತುಸು ತಿರುಗಿಸಿ. ಟಾರ್ಗೆಟ್ ಕೊಂಚ ಮಸುಕಾಗಿ, ನಡುದಾರಿಯ ಬಿಸಿಗಾಳಿಯ ಅಲೆ ಎದ್ದು ಕಾಣುತ್ತದೆ. ಅಲೆ ನೆಟ್ಟಗೆ ಮೇಲೇಳುತ್ತಿದ್ದರೆ ಅಡ್ಡಗಾಳಿ ಇಲ್ಲ, ಅಥವಾ ಗಾಳಿ ನಿಮ್ಮ ಗೆರೆಯಲ್ಲೇ ಬೀಸುತ್ತಿದೆ. ಒಂದು ಕಡೆಗೆ ವಾಲಿದರೆ ನಿಧಾನದ ಅಡ್ಡಗಾಳಿ. ಪೂರ್ತಿ ಅಡ್ಡ ಮಲಗಿ ಹರಿಯುತ್ತಿದ್ದರೆ ಗಾಳಿ ಜೋರಿದೆ. ಅಲ್ಲಿಂದ ಮುಂದೆ ವೇಗ ಎಷ್ಟೇ ಏರಿದರೂ ಅಲೆ ಹಾಗೆಯೇ ಕಾಣುವುದರಿಂದ ಬಾವುಟ, ಹುಲ್ಲು ನೋಡಲೇಬೇಕು.

ಜೊತೆಗೆ ಒಬ್ಬರು ನೋಡುವವರಿದ್ದರೆ ಗುಂಡಿನ ಜಾಡೂ, ಅಂದರೆ ಅದು ಗಾಳಿಯಲ್ಲಿ ಎಬ್ಬಿಸುವ ಅಲೆಯ ಗೆರೆಯೂ ಸಿಗುತ್ತದೆ. ಸ್ಕೋಪನ್ನು ಶೂಟರ್‌ನ ನೇರ ಹಿಂದೆ, ನಳಿಗೆಗಿಂತ ಸ್ವಲ್ಪ ಎತ್ತರದಲ್ಲಿ ಇಡಬೇಕು. ಒಂದಡಿ ಪಕ್ಕಕ್ಕಿಟ್ಟರೂ ಜಾಡು ಓರೆಯಾಗಿ ಕಂಡು ತಪ್ಪು ಓದುತ್ತೀರಿ. 25 ಪಟ್ಟಿಗಿಂತ ಮೇಲೆ ಹೋದರೆ ನೋಟದ ಅಗಲ ಕಡಿಮೆಯಾಗಿ ಗುಂಡಿನ ಕಮಾನು ಚೌಕಟ್ಟಿನಿಂದ ಹೊರಗೇ ಹೋಗುತ್ತದೆ. ಐಪೀಸಿನಲ್ಲಿ ಮಿಲ್ ರೆಟಿಕಲ್ (ದೂರದ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಗುರುತು ಹಾಕಿದ ಗೆರೆಗಳು) ಇದ್ದರೆ ತಿದ್ದುಪಡಿ ಹೇಳುವುದು ಸುಲಭ: 600 ಮೀಟರಿನಲ್ಲಿ 0.1 ಮಿಲ್ ಅಂದರೆ 6 ಸೆಂ.ಮೀ. ಶೂಟರ್‌ನ ಸ್ಕೋಪ್ ಎಂಒಎ (ಡಿಗ್ರಿಯ 60ರಲ್ಲಿ ಒಂದು ಭಾಗ) ಕ್ಲಿಕ್ಕಿನದಾದರೆ ರೆಟಿಕಲ್ಲೂ ಎಂಒಎ ಇರಲಿ. ಹೊಡೆಯುವ ಹೊತ್ತಿನಲ್ಲಿ ಒಂದರಿಂದ ಇನ್ನೊಂದಕ್ಕೆ ಲೆಕ್ಕ ಹಾಕಲು ಸಮಯವಿರುವುದಿಲ್ಲ.

ಮಸೂರ

ಟ್ರೈಪಾಡಿಗೆ: ಕಾಲಿನ ದಪ್ಪ ಭಾಗ ಮಾತ್ರ ಎಳೆಯಿರಿ, ನಡುವಿನ ಕಂಬ ಪೂರ್ತಿ ಕೆಳಗಿರಲಿ, ತೂಕದ ಚೀಲ ನೆಲಕ್ಕೆ ತುಸು ತಾಗುವ ಹಾಗೆ ತೂಗಿಬಿಡಿ. ಗಾಳಿಯಲ್ಲಿ ತೂಗಾಡುವ ಚೀಲ ಇನ್ನಷ್ಟು ನಡುಗಿಸುತ್ತದೆ. ರೈಫಲ್ ಇಟ್ಟ ಚಾಪೆಯ ಮೇಲೆ ಕಾಲು ಬರದಿರಲಿ. ನಳಿಗೆಯ ತುದಿಗೆ ಮಜಲ್ ಬ್ರೇಕ್ (ಹಿಂದೊತ್ತು ತಗ್ಗಿಸಲು ಅನಿಲವನ್ನು ಪಕ್ಕಕ್ಕೆ ಬಿಡುವ ಭಾಗ) ಇದ್ದರೆ ಅದರ ಪಕ್ಕದ ಬೀಸು ತಾಗದಷ್ಟು ಹಿಂದೆ ಸರಿಸಿ.

ಮುಂದೆಂದಾದರೂ ಸ್ಕೋಪ್ ಬದಲಾಯಿಸುವುದಾದರೆ ವ್ಯಾಸಕ್ಕಿಂತ ಮೊದಲು 45 ಡಿಗ್ರಿ ಬಾಗಿದ ಐಪೀಸ್ ನೋಡಿ. ಮಲಗಿದವರು ತಲೆಯನ್ನು ಸ್ಟಾಕಿನಿಂದ (ರೈಫಲ್ಲಿನ ಕೆನ್ನೆ ಒರಗಿಸುವ ಹಿಂಭಾಗ) ಹೆಚ್ಚು ಎತ್ತದೆ ನೋಡಬಹುದು. ಕನ್ನಡಕ ಹಾಕುವವರಾದರೆ ಐಪೀಸಿನಿಂದ ಕಣ್ಣಿಗೆ ಸಿಗುವ ಅಂತರ 17–18 ಮಿ.ಮೀ.ಗೆ ಕಡಿಮೆ ಇರಬಾರದು. ಇಡಿ (ED) ಗಾಜು, ಅಂದರೆ ಬಣ್ಣಗಳನ್ನು ಕಡಿಮೆ ಚದುರಿಸುವ ಗಾಜು ಇದ್ದರೆ ಕಪ್ಪು ಬಿಳುಪಿನ ಅಂಚಿನಲ್ಲಿ ಬರುವ ನೇರಳೆ ಗೆರೆ ತಗ್ಗುತ್ತದೆ, 300ರಲ್ಲಿ ತೂತು ಹುಡುಕಲು ಅದು ನಿಜಕ್ಕೂ ಸಹಾಯಕ. ಇಷ್ಟಾದ ಮೇಲೆ 80–85 ಮಿ.ಮೀ. ಸಂಜೆ ಬೆಳಕಿಗೆ ಅನುಕೂಲ. 65ಕ್ಕೆ ಹೋಲಿಸಿದರೆ 85 ಮಿ.ಮೀ. ಲೆನ್ಸ್ 1.7 ಪಟ್ಟು ಬೆಳಕು ಹಿಡಿಯುತ್ತದೆ.

ತರಂಗ

600ರಲ್ಲಿ ಪ್ರತಿ ಗುಂಡೂ ಕಾಣಬೇಕೆಂದರೆ ಕ್ಯಾಮೆರಾ ಸರಿಯಾದ ದಾರಿ. ಬಿಸಿಗಾಳಿಯ ತೊಂದರೆಯೇ ಇರುವುದಿಲ್ಲ, ಯಾಕೆಂದರೆ ಅದು ಟಾರ್ಗೆಟ್ಟಿನಿಂದ ನಾಲ್ಕೈದು ಮೀಟರಿನಲ್ಲಿ ಕೂತಿರುತ್ತದೆ. ಇಡುವ ಮೊದಲು ರೇಂಜ್ ಅಧಿಕಾರಿಯ ಒಪ್ಪಿಗೆ ಬೇಕು. ಟಾರ್ಗೆಟ್ಟಿನ ಮುಂದೆ, ಪಕ್ಕಕ್ಕೆ, ನೆಲಮಟ್ಟದಲ್ಲಿ ಇಟ್ಟು, ಶೂಟರ್ ಕಡೆಗೆ ಮರಳಿನ ಚೀಲ ಅಡ್ಡ ಕೊಡಿ. ಟಾರ್ಗೆಟ್ಟಿನ ನೇರ ಕೆಳಗೆ ಇಡಲೇಬೇಡಿ, ತಗ್ಗಿಗೆ ಬಿದ್ದ ಗುಂಡು ಮೊದಲು ಹೊಡೆಯುವುದು ಅಲ್ಲಿಗೇ. ಓರೆ 30 ಡಿಗ್ರಿಯೊಳಗಿರಲಿ. 45ಕ್ಕೆ ಹೋದರೆ ಅಗಲ ಶೇ. 30ರಷ್ಟು ಕುಗ್ಗಿ ಕಾಣುತ್ತದೆ, ಆ ಚಿತ್ರದ ಮೇಲೆ ಗ್ರೂಪ್ ಅಳೆದರೆ ಅಡ್ಡ ಹರಡಿಕೆ ಕಡಿಮೆ ಬರುತ್ತದೆ. ಆ್ಯಪಿನಲ್ಲಿ ನಾಲ್ಕು ಮೂಲೆ ಗುರುತಿಸಿ ನೇರ ಮಾಡುವ ಸೌಲಭ್ಯ ಇದ್ದರೆ ಬಳಸಿ.

ಚೌಕಟ್ಟನ್ನು ಟಾರ್ಗೆಟ್ ತುಂಬುವ ಹಾಗೆ ಹೊಂದಿಸಿ. 1.2 ಮೀಟರ್ ಎತ್ತರ 1080 ಸಾಲುಗಳಲ್ಲಿ ತುಂಬಿದರೆ ನಿಮ್ಮ ತೂತಿಗೆ 7 ಪಿಕ್ಸೆಲ್ ಸಿಗುತ್ತದೆ. ಅದೇ ಟಾರ್ಗೆಟ್ ಚೌಕಟ್ಟಿನ ಅರ್ಧ ಮಾತ್ರ ಇದ್ದರೆ 3–4, ಆಗ ಅನುಮಾನ ಶುರು. ಕಾಗದವನ್ನು ನಾಲ್ಕೂ ಅಂಚಿಗೆ ಸ್ಟೇಪಲ್ ಮಾಡಿ. ಗಾಳಿಗೆ ಪಟಪಟ ಬಡಿದರೆ ಹೊಸ ತೂತು ಗುರುತಿಸುವ ಆ್ಯಪ್ ಇಲ್ಲದ ತೂತೆಲ್ಲ ತೋರಿಸುತ್ತದೆ.

ಹತ್ತನೇ_ವರ್ತುಲ

ಕ್ಯಾಮೆರಾ ಒಂದನ್ನು ಎರವಲು ತಂದು ಹಾಕಿದೆ. 300ರಲ್ಲಿ ಚೆನ್ನಾಗಿದೆ. 600ರಲ್ಲಿ ಚಿತ್ರ ನಿಂತು ನಿಂತು ಬಂದು ಕೊನೆಗೆ ಕಡಿದೇಹೋಗುತ್ತದೆ. ನಡುವೆ ಮರ ಗಿಡ ಏನೂ ಇಲ್ಲ, ನೆಲ ಸಪಾಟು. ಆ್ಯಂಟೆನಾ ಎರಡೂ ಕಡೆ ನೆಲದಿಂದ ಒಂದಡಿ ಎತ್ತರ. 2.4 ಗಿಗಾಹರ್ಟ್ಸ್.

ತರಂಗ

ಆ ಒಂದಡಿಯೇ ಕಾರಣ. ಕಣ್ಣಿಗೆ ದಾರಿ ತೆರವಾಗಿ ಕಂಡರೂ ರೇಡಿಯೋಗೆ ಸಾಲದು. ಅಲೆ ಹೋಗುವಾಗ ನಡುವೆ ಉಬ್ಬಿದ ಆಕಾರದ ಜಾಗ ಬೇಕು, ಅದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. 600 ಮೀಟರಿಗೆ 2.4 ಗಿಗಾಹರ್ಟ್ಸಿನಲ್ಲಿ ನಟ್ಟನಡುವೆ ಅದರ ತ್ರಿಜ್ಯ ಸುಮಾರು 4.3 ಮೀಟರ್. ಅದರ ಶೇ. 60, ಅಂದರೆ 2.6 ಮೀಟರಾದರೂ ನೆಲದಿಂದ ಬಿಡುವಿರಬೇಕು. ಸಪಾಟು ನೆಲದಲ್ಲಿ ಅದಕ್ಕೆ ಎರಡೂ ತುದಿಯ ಆ್ಯಂಟೆನಾ 2.6 ಮೀಟರ್ ಎತ್ತರದಲ್ಲಿರಬೇಕಾಗುತ್ತದೆ. 5.8 ಗಿಗಾಹರ್ಟ್ಸಿನ ಸಾಧನವಾದರೆ 1.7 ಮೀಟರ್ ಸಾಕು. ನಡುವೆ ತಗ್ಗು ಇರುವ ರೇಂಜಿನಲ್ಲಿ ಈ ತೊಂದರೆ ತಾನಾಗಿಯೇ ಕಡಿಮೆ.

ಕ್ಯಾಮೆರಾ ಕೆಳಗೇ ಇರಲಿ, ರೇಡಿಯೋ ಮಾತ್ರ ಟಾರ್ಗೆಟ್ಟಿನಿಂದ ದೂರ ಪಕ್ಕಕ್ಕೆ ನೆಟ್ಟ ಕಂಬಕ್ಕೆ ಹೋಗಲಿ. ಆ್ಯಂಟೆನಾ ಕೇಬಲ್ ಉದ್ದ ಮಾಡಬೇಡಿ: ತೆಳು ಕೇಬಲ್ಲಿನಲ್ಲಿ ಈ ಆವರ್ತನದಲ್ಲಿ ಮೀಟರಿಗೆ ಸುಮಾರು 1 ಡೆಸಿಬಲ್ ಹೋಗುತ್ತದೆ. ರೇಡಿಯೋ ಪೆಟ್ಟಿಗೆಯನ್ನೇ ಮೇಲಕ್ಕೇರಿಸಿ, ಅಲ್ಲಿಂದ ಕ್ಯಾಮೆರಾಗೆ ಈಥರ್ನೆಟ್ ತಂತಿ ಇಳಿಸಿ. ಎರಡೂ ಆ್ಯಂಟೆನಾ ನೆಟ್ಟಗೆ ನಿಂತಿರಲಿ; ಒಂದು ನಿಂತು ಇನ್ನೊಂದು ಮಲಗಿದ್ದರೆ ಸಿಗ್ನಲ್ ಬಹಳ ಬೀಳುತ್ತದೆ. ಶೂಟರ್ ಕಡೆ ಚಪ್ಪಟೆ ಪ್ಯಾನಲ್ ಆ್ಯಂಟೆನಾ ಹಾಕಿ ಟಾರ್ಗೆಟ್ಟಿಗೆ ಮುಖ ಮಾಡಿದರೆ ಅಕ್ಕಪಕ್ಕದ ಫೋನುಗಳ ಗಲಾಟೆಯೂ ತಗ್ಗುತ್ತದೆ.

ಹತ್ತನೇ_ವರ್ತುಲ

ಎರಡೂ ಕಡೆ ಕಂಬ ನೆಟ್ಟು 2.5 ಮೀಟರಿಗೆ ಏರಿಸಿದೆ, ಕಡಿತ ನಿಂತಿತು. ಈಗ ಚಿತ್ರ ಎರಡು ಸೆಕೆಂಡು ತಡವಾಗಿ ಬರುತ್ತದೆ, ಅಷ್ಟೇ. ಇನ್ನೊಂದು ಪ್ರಶ್ನೆ: ಇದೇ ಕ್ಯಾಮೆರಾವನ್ನು ಉಕ್ಕಿನ ಫಲಕಕ್ಕೂ ಬಳಸಬಹುದಾ? ಎಲೆಕ್ಟ್ರಾನಿಕ್ ಟಾರ್ಗೆಟ್ ಬಗ್ಗೆಯೂ ಕೆಲವರು ಹೇಳಿದರು.

ತರಂಗ

ಎರಡು ಸೆಕೆಂಡಿನ ತಡ ವಿಡಿಯೋ ಬಫರಿನದು. ಗುಂಡು ಎಲ್ಲಿ ಬಿತ್ತು ಅಂತ ನೋಡಲು ಅದು ಅಡ್ಡಿಯಲ್ಲ. ಬೇಡವೆನಿಸಿದರೆ ಬಫರ್ ಕಡಿಮೆ ಮಾಡಿ, ರೆಸಲ್ಯೂಶನ್ ಮಾತ್ರ ಇಳಿಸಬೇಡಿ.

ಉಕ್ಕಿನ ಫಲಕದ ಪಕ್ಕಕ್ಕೆ ಕ್ಯಾಮೆರಾ ಬೇಡ. ಗುಂಡು ಒಡೆದು ಚೂರುಗಳು ಫಲಕದ ಮೈಗೆ ಹೊಂದಿಕೊಂಡೇ ಸುತ್ತಲೂ ಚಿಮ್ಮುತ್ತವೆ. ಇಡಲೇಬೇಕಾದರೆ ಇನ್ನೂ ಮುಂದಕ್ಕೆ ತಂದು ಪೂರ್ತಿ ಮರೆ ಕೊಡಿ. ಉಕ್ಕಿಗೆ ಬಿಳಿ ಬಣ್ಣ ಹೊಡೆದರೆ ತಾಗಿದ ಬೂದು ಕಲೆ ನಿಮ್ಮ 65 ಮಿ.ಮೀ. ಸ್ಕೋಪಿಗೇ ಕಾಣುತ್ತದೆ. ತಾಗಿತೋ ಇಲ್ಲವೋ ಅಷ್ಟೇ ಸಾಕಾದರೆ ಫಲಕದ ಹಿಂದೆ ಕಟ್ಟುವ, ಅದುರಿದಾಗ ಮಿನುಗುವ ದೀಪ ಸಾಕು.

ಗಾಳಿಲೆಕ್ಕ

ಎಲೆಕ್ಟ್ರಾನಿಕ್ ಟಾರ್ಗೆಟ್ ಬಗ್ಗೆ: ಚೌಕಟ್ಟಿನ ಮೂಲೆಗಳ ಮೈಕ್ರೋಫೋನುಗಳು ಗುಂಡಿನ ಆಘಾತ ಅಲೆ ಯಾವುದಕ್ಕೆ ಎಷ್ಟು ಮೊದಲು ಮುಟ್ಟಿತು ಎಂಬ ವ್ಯತ್ಯಾಸದಿಂದ ಜಾಗ ಹೇಳುತ್ತವೆ. ತೆರೆದ ಚೌಕಟ್ಟಿನವಕ್ಕೆ ಗುಂಡು ಶಬ್ದದ ವೇಗಕ್ಕಿಂತ ಜೋರಾಗಿರಲೇಬೇಕು, ಅಂದರೆ ಸೆಕೆಂಡಿಗೆ 340 ಮೀಟರಿಗಿಂತ ಸಾಕಷ್ಟು ಮೇಲೆ. .308ಕ್ಕೆ 600 ಮೀಟರಿನಲ್ಲಿ ಚಿಂತೆಯಿಲ್ಲ. ಅದೇ ಗುಂಡನ್ನು 900–1000ಕ್ಕೆ ಒಯ್ದಾಗ ವೇಗ ಆ ಅಂಚಿಗೆ ಇಳಿದು, ಕೆಲವು ಹೊಡೆತ ದಾಖಲಾಗುವುದಿಲ್ಲ ಅಥವಾ ತಪ್ಪು ಜಾಗದಲ್ಲಿ ಬೀಳುತ್ತವೆ. ಶಬ್ದದ ವೇಗ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ 0.6 ಮೀಟರಿನಂತೆ ಬದಲಾಗುವುದರಿಂದ ತಾಪಮಾನದ ಸೆನ್ಸರ್ ನೆರಳಲ್ಲಿರಬೇಕು. ಚೌಕಟ್ಟು ಗಾಳಿಗೆ ವಾಲದ ಹಾಗೆ ನಾಲ್ಕು ಕಡೆ ಹಗ್ಗ ಬಿಗಿಯಿರಿ. ಕಟ್ಟಿದ ಮೇಲೆ ಕಾಗದ ಹಾಕಿ ಐದು ಗುಂಡು ಹೊಡೆದು, ತೂತಿನ ಅಳತೆಯನ್ನೂ ಪರದೆಯ ಅಳತೆಯನ್ನೂ ಹೋಲಿಸಿ. ಐದೂ ಒಂದೇ ಕಡೆಗೆ ಸರಿದಿದ್ದರೆ ಸೆಟ್ಟಿಂಗಿನಲ್ಲಿ ತಿದ್ದಬಹುದು. ಒಂದೊಂದು ಒಂದೊಂದು ಕಡೆಗಿದ್ದರೆ ಯಾವುದೋ ಮೈಕ್ರೋಫೋನ್ ಸಡಿಲವಾಗಿದೆ, ಮೊದಲು ಅದರ ಸ್ಕ್ರೂ ನೋಡಿ.