ಸೆಲ್ಫ್ ಮೋಟರ್ ಬದಲಿಸುವ ಮೊದಲು ಬ್ಯಾಟರಿ ನೋಡಿಸಿ, ಅಕ್ಕಾ

ಅಕ್ಕಾ, ನಿಮ್ಮ ಮೆಸೇಜ್ ಈಗ ನೋಡಿದೆ. ಕಾರಿನ ಕೀ ತಿರುಗಿಸಿದರೆ ಟಕಟಕಟಕ ಅಂತ ಶಬ್ದ ಬರುತ್ತದೆ, ಇಂಜಿನ್ ತಿರುಗುವುದೇ ಇಲ್ಲ, ಗ್ಯಾರೇಜಿನವರು ಇಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್ ಹೋಗಿದೆ, ಹೊಸದು ಹಾಕಬೇಕು ಅಂದರು ಅಂತ ಬರೆದಿದ್ದೀರಿ. ದಯವಿಟ್ಟು ಈಗಲೇ ಹೂಂ ಅನ್ನಬೇಡಿ, ಭಾವನಿಗೂ ಹೇಳಿ. ಆ ಶಬ್ದ ಕೇಳಿದರೆ ನನಗೆ ಮೊದಲು ಅನುಮಾನ ಬರುವುದು ಬ್ಯಾಟರಿ ಮೇಲೆ.

ಯಾಕೆ ಅಂದರೆ, ಸೆಲ್ಫ್ ಮೋಟರಿನ ಬೆನ್ನಿಗೆ ಅಂಟಿಕೊಂಡಂತೆ ಸೊಲೆನಾಯ್ಡ್ ಅಂತ ಒಂದು, ಅಂದರೆ ಕರೆಂಟ್ ಬಂದಾಗ ಎಳೆಯುವ ವಿದ್ಯುತ್ ಅಯಸ್ಕಾಂತ, ಇರುತ್ತದೆ. ಕೀ ತಿರುಗಿಸಿದಾಗ ಕರೆಂಟ್ ಮೊದಲು ಅದಕ್ಕೆ ಹೋಗುತ್ತದೆ. ಅದು ಮೋಟರಿನ ತುದಿಯಲ್ಲಿರುವ ಚಿಕ್ಕ ಪಿನಿಯನ್ ಗೇರನ್ನು ಮುಂದಕ್ಕೆ ತಳ್ಳಿ, ಇಂಜಿನ್ ಜೊತೆ ತಿರುಗುವ ಫ್ಲೈವೀಲ್ ಅನ್ನುವ ಚಕ್ರದ ಸುತ್ತ ಇರುವ ರಿಂಗ್ ಗೇರಿಗೆ ಕಚ್ಚಿಸುತ್ತದೆ. ಜೊತೆಗೇ ಒಳಗಿನ ದಪ್ಪ ತಾಮ್ರದ ಕಾಂಟ್ಯಾಕ್ಟ್ ಕೂಡಿಸಿ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಬಿಡುತ್ತದೆ. ಪೆಟ್ರೋಲ್ ಕಾರಿನಲ್ಲೂ ಆಗ 100 ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ, ಡೀಸೆಲ್ ಆದರೆ ಇನ್ನೂ ಜಾಸ್ತಿ. ಎರಡು ಸಾಮಾನ್ಯ ಹ್ಯಾಲೊಜನ್ ಹೆಡ್‌ಲೈಟ್ ಸೇರಿದರೂ ಎಳೆಯುವುದು 9-10 ಆಂಪಿಯರ್ ಅಷ್ಟೇ. ಹಾಗಾಗಿ ಲೈಟ್ ಉರಿಯುತ್ತಿದೆ, ಹಾರ್ನ್ ಬರುತ್ತಿದೆ, ಬ್ಯಾಟರಿ ಚೆನ್ನಾಗಿದೆ ಅನ್ನುವ ಮಾತನ್ನು ನಂಬಬೇಡಿ.

ಬ್ಯಾಟರಿ ಸೋತಿದ್ದರೆ ಏನಾಗುತ್ತದೆ ನೋಡಿ. ಸೊಲೆನಾಯ್ಡ್ ಎಳೆಯುತ್ತದೆ, ಕಾಂಟ್ಯಾಕ್ಟ್ ಕೂಡುತ್ತದೆ. ಮೋಟರ್ ಅಷ್ಟು ಕರೆಂಟ್ ಕೇಳಿದ ತಕ್ಷಣ ವೋಲ್ಟೇಜ್ ಕುಸಿಯುತ್ತದೆ. ಸೊಲೆನಾಯ್ಡಿಗೇ ಹಿಡಿದುಕೊಳ್ಳಲು ಶಕ್ತಿ ಸಾಲದೆ ಬಿಟ್ಟುಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಮತ್ತೆ ಏರುತ್ತದೆ, ಮತ್ತೆ ಎಳೆಯುತ್ತದೆ, ಮತ್ತೆ ಬಿಡುತ್ತದೆ. ಆ ಟಕಟಕ ಇದೇ. ಅಂದರೆ ಸೊಲೆನಾಯ್ಡ್ ತನ್ನ ಕೆಲಸ ಮಾಡುತ್ತಿದೆ ಅಂತಾಯಿತು, ಅಲ್ವಾ?

ಇಂದು ರಾತ್ರಿ ಹೆಡ್‌ಲೈಟ್ ಹಾಕಿ ಒಮ್ಮೆ ಸೆಲ್ಫ್ ಹೊಡೆಯಿರಿ. ಲೈಟ್ ಪೂರ್ತಿ ಮಂಕಾದರೆ ಹೆಚ್ಚಾಗಿ ಬ್ಯಾಟರಿ ಅಥವಾ ಟರ್ಮಿನಲ್ ತೊಂದರೆ. ಬಾನೆಟ್ ಎತ್ತಿ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದೆಯಾ ನೋಡಿ. ಸಡಿಲ ಇದೆಯಾ, ಕಾರಿನ ಲೋಹದ ಬಾಡಿಯನ್ನು ಸೇರುವ ಅರ್ಥ್ ಕೇಬಲ್ ತುಕ್ಕು ಹಿಡಿದಿದೆಯಾ ಅಂತಲೂ ನೋಡಿ. ಆಮೇಲೆ ಯಾರಾದರೂ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಹಿಡಿಸಿ. ಗಾಡಿ ನಿಂತಿದ್ದಾಗ 12.6 ವೋಲ್ಟ್ ಇದ್ದರೆ ಚಾರ್ಜ್ ಪೂರ್ತಿ ಇದೆ, 12.2ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಅರ್ಧ. ಸೆಲ್ಫ್ ಹೊಡೆಯುವಾಗ ಸುಮಾರು 9.6ಕ್ಕಿಂತ ಕೆಳಗೆ ಬೀಳಬಾರದು.

ಸೆಲ್ಫ್ ನಿಜವಾಗಿ ಕೆಟ್ಟಿದ್ದರೆ ಶಬ್ದವೇ ಬೇರೆ. ಲೈಟ್ ಚೆನ್ನಾಗಿ ಉರಿಯುತ್ತಲೇ ಇದ್ದು ಒಂದೇ ಸಲ ಗಟ್ಟಿಯಾಗಿ ಟಕ್ ಅಂದು ನಿಂತರೆ, ಸೊಲೆನಾಯ್ಡಿನ ಕಾಂಟ್ಯಾಕ್ಟ್ ಸುಟ್ಟಿರಬಹುದು ಅಥವಾ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು. ಮೋಟರ್ ಮಾತ್ರ ಸುಯ್ ಅಂತ ತಿರುಗಿ ಇಂಜಿನ್ ಅಲುಗದಿದ್ದರೆ ಸಾಮಾನ್ಯವಾಗಿ ಪಿನಿಯನ್ ಹಿಂದಿರುವ ಕ್ಲಚ್ ಜಾರುತ್ತಿದೆ, ಮೆಕ್ಯಾನಿಕ್‌ಗಳು ಬೆಂಡಿಕ್ಸ್ ಅನ್ನುತ್ತಾರೆ. ಕರಕರ ಅಂತ ಹಲ್ಲು ಉಜ್ಜುವ ಶಬ್ದ ಬಂದರೆ ತಡ ಮಾಡಲೇಬೇಡಿ. ರಿಂಗ್ ಗೇರ್ ಹಲ್ಲು ಮುರಿದರೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ, ಆ ಖರ್ಚು ತುಂಬಾ ದೊಡ್ಡದು. ಏನೂ ಶಬ್ದ ಇಲ್ಲದಿದ್ದರೆ ರಿಲೇ, ಫ್ಯೂಸ್, ಗೇರ್ P ಅಥವಾ N ನಲ್ಲಿ ಇದ್ದರೆ ಮಾತ್ರ ಸ್ಟಾರ್ಟ್ ಆಗಲು ಬಿಡುವ ನ್ಯೂಟ್ರಲ್ ಸ್ವಿಚ್ ಮೊದಲು ನೋಡಿಸಿ.

ಕೆಟ್ಟಿದ್ದರೂ ಪೂರ್ತಿ ಹೊಸದೇ ಬೇಕು ಅಂತ ಇಲ್ಲ. ಬ್ರಷ್, ಬುಷ್, ಸೊಲೆನಾಯ್ಡ್, ಬೆಂಡಿಕ್ಸ್ ಎಷ್ಟೋ ಗಾಡಿಗಳಿಗೆ ಬಿಡಿಯಾಗಿ ಸಿಗುತ್ತವೆ, ಒಳ್ಳೆಯ ಎಲೆಕ್ಟ್ರಿಷಿಯನ್ ಬಿಚ್ಚಿ ಹಾಕಿಕೊಡುತ್ತಾರೆ. ಮೋಟರಿನ ಒಳಗೆ ತಿರುಗುವ ತಂತಿ ಸುತ್ತಿದ ಭಾಗ, ಅಂದರೆ ಆರ್ಮೇಚರ್, ಸುಟ್ಟಿದ್ದರೆ, ಅಥವಾ ಬ್ರಷ್ ಕೂರುವ ಕಮ್ಯುಟೇಟರ್ ತೀರಾ ಸವೆದಿದ್ದರೆ ಮಾತ್ರ ನಾನು ಹೊಸದು ಹಾಕಿಸಿ ಅನ್ನುವುದು. ಬಿಚ್ಚಿದ ಹಳೆಯ ಮೋಟರನ್ನು ಭಾವ ಕಣ್ಣಾರೆ ನೋಡಲಿ.

ಅಲ್ಲಿಯವರೆಗೆ ಸುಮ್ನೆ ಸೆಲ್ಫ್ ಹೊಡೆಯುತ್ತಾ ಇರಬೇಡಿ. ಒಂದು ಸಲಕ್ಕೆ 10 ಸೆಕೆಂಡ್ ಮೀರಬಾರದು, ಮಧ್ಯೆ ಅರ್ಧ ನಿಮಿಷ ಬಿಡಿ. ಇಲ್ಲದಿದ್ದರೆ ಚೆನ್ನಾಗಿರುವ ಮೋಟರೂ ಬಿಸಿಯಾಗಿ ಸುಡುತ್ತದೆ. ನಿಮ್ಮದು ಆಟೋಮ್ಯಾಟಿಕ್ ಆದ್ದರಿಂದ ತಳ್ಳಿ ಸ್ಟಾರ್ಟ್ ಮಾಡಲು ಆಗುವುದಿಲ್ಲ, ಪ್ರಯತ್ನವೂ ಬೇಡ. ಪಕ್ಕದ ಮನೆಯವರ ಕಾರಿನ ಬ್ಯಾಟರಿಯಿಂದ ನಿಮ್ಮ ಬ್ಯಾಟರಿಗೆ ಕರೆಂಟ್ ಕೊಡುವ ಜಂಪ್ ಕೇಬಲ್ ಹಾಕಿ ನೋಡಿ. ಆಗ ಸಲೀಸಾಗಿ ಸ್ಟಾರ್ಟ್ ಆದರೆ ಗ್ಯಾರೇಜಿನವರಿಗೆ ಮೋಟರ್ ಬೇಡ ಅಂತ ಫೋನ್ ಮಾಡಿಬಿಡಿ. ಮೀಟರಿನಲ್ಲಿ ಎಷ್ಟು ವೋಲ್ಟ್ ಬಂತು ಅಂತ ಇಲ್ಲೇ ಹಾಕಿ, ನಾನು ನೋಡಿ ಹೇಳುತ್ತೇನೆ.